ಮಂಡಲದ ಪಕ್ಕದಲ್ಲೊಂದು ಚೌಕಡಿ

ಪರೀಕ್ಷೆಯ ಹೆದರಿಕೆಗೆ ಬಣ್ಣ ಹಚ್ಚುವುದೇ ಮದ್ದು ಎಂಬ ಮಾತು ಈಗ ನಮ್ಮ ಕಡೆಗೂ ಬಂದು ಮುಟ್ಟಿದೆ. ಸ್ಟೇಷನರಿ ಅಂಗಡಿಗೆ ಹೋದರೆ ಗೈಡುಗಳ ಪಕ್ಕದಲ್ಲೇ ಮಂಡಲ ಪುಸ್ತಕಗಳು ಕಾಣುತ್ತವೆ. ಮುಖಪುಟದಲ್ಲಿ ಒಂದು ಚಕ್ರ, ಚಕ್ರದೊಳಗೆ ಕಮಲ, ಕಮಲದ ಎಸಳೆಸಳಿಗೂ ಬಳ್ಳಿ. ‘ಮನಃಶಾಂತಿಗಾಗಿ’ ಎಂಬ ಭರವಸೆ ಬೇರೆ. ಇದೆಲ್ಲ ಶುರುವಾದದ್ದು ಎಲ್ಲಿಂದ ಎಂದು ಹುಡುಕುತ್ತ ಹೋದಾಗ 2005ರ ಒಂದು ಪ್ರಯೋಗ ಸಿಕ್ಕಿತು. ಅದರಲ್ಲಿ ಕಮಲದ ಚಕ್ರವೂ ಇತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಅದರ ಪಕ್ಕದಲ್ಲಿ ಯಾರೂ ಲೆಕ್ಕಕ್ಕಿಡದೆ ಕೂತಿದ್ದ ಒಂದು ಚೌಕಡಿ ನಮೂನೆ. ರಬಕವಿ-ಬನಹಟ್ಟಿಯ ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಅದನ್ನು ದಾಟಿ ಮುಂದೆ ಹೋಗಲು ಕಾಲು ಬರುವುದಿಲ್ಲ.

ಪ್ರಯೋಗ ಮಾಡಿದವರು ನ್ಯಾನ್ಸಿ ಕರಿ ಮತ್ತು ಟಿಮ್ ಕ್ಯಾಸರ್. ಕ್ಯಾಸರ್ ಆಗ ಅಮೆರಿಕದ ಇಲಿನಾಯ್ ರಾಜ್ಯದ ನಾಕ್ಸ್ ಕಾಲೇಜಿನಲ್ಲಿ ಮನಃಶಾಸ್ತ್ರದ ಮಾಸ್ತರರಾಗಿದ್ದರು. 84 ಜನ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ಮೊದಲು ಅವರನ್ನು ಬೇಕೆಂದೇ ಹೆದರಿಸಿದರು: ನಿಮ್ಮ ಜೀವನದಲ್ಲಿ ಅತಿ ಹೆಚ್ಚು ಭಯಪಟ್ಟ ಗಳಿಗೆ ಯಾವುದು, ಬರೆಯಿರಿ. ನಾಲ್ಕು ನಿಮಿಷ ಬರೆಯುವಷ್ಟರಲ್ಲಿ ಎಲ್ಲರ ಆತಂಕವೂ ಏರಿತ್ತು. ಆಮೇಲೆ ಮೂರು ಗುಂಪು ಮಾಡಿ ಇಪ್ಪತ್ತು ನಿಮಿಷ ಬಣ್ಣದ ಪೆನ್ಸಿಲು ಕೊಟ್ಟರು. ಒಂದು ಗುಂಪಿಗೆ ಮಂಡಲ, ಇನ್ನೊಂದಕ್ಕೆ ಅಡ್ಡಗೆರೆ ಉದ್ದಗೆರೆ ಕೂಡಿದ ಚೌಕಡಿ, ಮೂರನೆಯದಕ್ಕೆ ಖಾಲಿ ಹಾಳೆ.

ಮಂಡಲದವರ ಆತಂಕ ಇಳಿಯಿತು. ಚೌಕಡಿಯವರದೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಖಾಲಿ ಹಾಳೆಯವರಿಗೆ ಮಾತ್ರ ಆ ಪ್ರಮಾಣದ ಸಮಾಧಾನ ಸಿಗಲಿಲ್ಲ. ಕಣ್ಣಿಗೂ ಕೈಗೂ ಸಾಕಷ್ಟು ಕೆಲಸ ಕೊಡುವ, ಆದರೆ ‘ಮುಂದೇನು’ ಎಂದು ಯೋಚಿಸುವ ಕಷ್ಟ ಕೊಡದ ನಮೂನೆ ಮನಸ್ಸನ್ನು ಒಂದು ಕಡೆ ನಿಲ್ಲಿಸುತ್ತದೆ ಎಂದು ಪ್ರಯೋಗ ಮಾಡಿದವರು ಊಹಿಸಿದರು. ಹೆದರಿದ ಹುಡುಗನ ಮುಂದೆ ಬಿಳಿ ಹಾಳೆ ಇಟ್ಟು ‘ಏನರ ಚಿತ್ರ ತಗಿ’ ಎಂದರೆ ಅದೂ ಒಂದು ಪ್ರಶ್ನೆಪತ್ರಿಕೆಯೇ ಅಲ್ಲವೇ?

ಮಂಡಲದ ಪಕ್ಷದವರು ಸುಮ್ಮನೆ ಬಿಡಲಿಲ್ಲ. 2012ರಲ್ಲಿ ವ್ಯಾನ್ ಡರ್ ವೆನೆಟ್ ಮತ್ತು ಸೆರೀಸ್ ಎಂಬ ಇಬ್ಬರು 50 ಜನರ ಮೇಲೆ ಇದೇ ಪ್ರಯೋಗವನ್ನು ಮತ್ತೆ ಮಾಡಿ, ಮಂಡಲವೇ ಮೇಲು, ಚೌಕಡಿ ಅದರ ಸಮಕ್ಕೆ ಬರುವುದಿಲ್ಲ ಎಂದರು. 2015ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಇದನ್ನು ಪ್ರಾಥಮಿಕ ಶಾಲೆಗೇ ಒಯ್ದರು. ಪರೀಕ್ಷೆಗೆ ಮುಂಚೆ 52 ಮಕ್ಕಳಲ್ಲಿ ಕೆಲವರಿಗೆ ಮಂಡಲ, ಉಳಿದವರಿಗೆ ಮನಸ್ಸಿಗೆ ಬಂದ ಚಿತ್ರ ಬರೆಯುವ ಸ್ವಾತಂತ್ರ್ಯ ಕೊಟ್ಟು ನೋಡಿದರೆ ಎರಡೂ ಕಡೆ ಹೆದರಿಕೆ ಕಡಿಮೆಯಾಗಿತ್ತು. ಮರುವರ್ಷ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರಿಗೆ ಮಣ್ಣು, ಪೆನ್ನು, ಕತ್ತರಿಸಿ ಅಂಟಿಸುವ ಕಾಗದ ಕೊಟ್ಟು 45 ನಿಮಿಷ ಬಿಟ್ಟರು. ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು. ಮೊದಲು ಚಿತ್ರ ಬರೆದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಅಂಥ ಅಂತರ ಕಾಣಲಿಲ್ಲ. ಹೀಗೆ ಜಗಳ ಇನ್ನೂ ತೀರಿಲ್ಲ. ನನ್ನ ವೋಟು ಯಾರಿಗೆ ಎಂದು ಹೇಳಬೇಕಾಗಿಲ್ಲ.

ಈ ಬಣ್ಣದ ಮದ್ದಿನ ಹಿಂದಿನ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಮಹಾಯುದ್ಧದ ಕೊನೆಯ ದಿನಗಳಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ದಿನಾ ಬೆಳಿಗ್ಗೆ ನೋಟುಬುಕ್ಕಿನಲ್ಲಿ ಸಣ್ಣದೊಂದು ವೃತ್ತಚಿತ್ರ ಬರೆದು, ಅದರಲ್ಲಿ ತನ್ನ ಮನಸ್ಸಿನ ಅಂದಿನ ಸ್ಥಿತಿ ನೋಡಿಕೊಳ್ಳುತ್ತಿದ್ದ. ಮಂಡಲಕ್ಕೆ ಮನೋವೈದ್ಯರ ಮನೆಯಲ್ಲಿ ಮಣೆ ಸಿಕ್ಕಿದ್ದು ಹಾಗೆ. ಚಿತ್ರಕಲೆಯನ್ನು ಚಿಕಿತ್ಸೆ ಎಂದು ಕರೆದವನು ಇಂಗ್ಲೆಂಡಿನ ಕಲಾವಿದ ಏಡ್ರಿಯನ್ ಹಿಲ್. ಕ್ಷಯ ಹತ್ತಿ 1938ರಲ್ಲಿ ಸ್ಯಾನಿಟೋರಿಯಂ ಸೇರಿದ. ಹಾಸಿಗೆಯಲ್ಲಿ ಬಿದ್ದಲ್ಲೇ ಚಿತ್ರ ಬರೆದು ಹೊತ್ತು ಕಳೆದ, ಪಕ್ಕದ ರೋಗಿಗಳಿಗೂ ಗಾಯಗೊಂಡು ಬಂದ ಸೈನಿಕರಿಗೂ ಕಲಿಸಿದ, 1945ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಮುಂದೆ 2013ರಲ್ಲಿ ಸ್ಕಾಟ್ಲೆಂಡಿನ ಜೊಹಾನಾ ಬ್ಯಾಸ್‌ಫರ್ಡ್ ದೊಡ್ಡವರಿಗೆಂದು ಬಣ್ಣ ತುಂಬುವ ಪುಸ್ತಕ ತಂದಳು, ಅದು ಲಕ್ಷಗಟ್ಟಲೆ ಮಾರಿತು. ನಮ್ಮ ಅಂಗಡಿಗಳ ಮಂಡಲ ಪುಸ್ತಕ ಆ ಸಂತೆಯ ಹಿಂದೆ ಬಂದದ್ದು.

ಹಾಗಾದರೆ ಅದಕ್ಕೂ ಮೊದಲು ನಮ್ಮಲ್ಲಿ ಏನಿತ್ತು? ನಮ್ಮ ಅಜ್ಜಿಯರ ರಂಗೋಲಿಯೇ ಧ್ಯಾನವಾಗಿತ್ತು ಎಂದು ಬರೆಯುವವರಿದ್ದಾರೆ. ಅವರು ಮಾಘದ ಥಂಡಿಯಲ್ಲಿ ನಸುಕಿಗೆದ್ದು ಅಂಗಳ ಸಾರಿಸಿದವರಲ್ಲ ಎಂಬುದು ನನ್ನ ಗುಮಾನಿ. ನಾನು ಹೇಳುವುದು ಬೇರೆ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ, ಎರಡೂ ಮಕ್ಕಳ ಕೈಕೆಲಸ. ಶಾಲೆ ಶುರುವಾಗಿ ಹೊಸ ಮಾಸ್ತರರ ಹೆದರಿಕೆ ಇನ್ನೂ ಇಳಿಯದ ಹೊತ್ತಿಗೆ ಇವು ಬರುತ್ತಿದ್ದವು. ಗುಳ್ಳವ್ವನ ಮೈಗೆ ಗುಲಗಂಜಿ ಒತ್ತುವಾಗ ಒಂದು ಸಾಲು ಸೊಟ್ಟಾದರೆ ಯಾರೂ ಅಂಕ ಕಡಿಯುತ್ತಿರಲಿಲ್ಲ.

ಇನ್ನು ಚೌಕಡಿ. ನೇಕಾರರ ಮನೆಯ ಮಕ್ಕಳು ನೂಲಿನ ಕಂಡಿಕಿ ಸುತ್ತುತ್ತಲೇ ಅದನ್ನು ಕಲಿಯುತ್ತಾರೆ. ಹಾಸಿನಲ್ಲಿ ಎಷ್ಟು ಎಳೆಗೆ ಬಣ್ಣ ಬದಲಾಯಿಸಿದೆಯೋ ಹೊಕ್ಕಿನಲ್ಲೂ ಆ ಅಳತೆಗೇ ಲಾಳಿ ಬದಲಾಯಿಸಬೇಕು. ಲೆಕ್ಕ ತಪ್ಪಿದರೆ ಚೌಕ ಹೋಗಿ ಉದ್ದನೆಯ ಮನೆಯಾಗುತ್ತದೆ. ಸೀರೆಯ ವಿನ್ಯಾಸ ಬರೆಯುವವರು ಗ್ರಾಫ್ ಹಾಳೆಯ ಸಣ್ಣ ಸಣ್ಣ ಮನೆಗಳಿಗೆ ಒಂದೊಂದಾಗಿ ಬಣ್ಣ ತುಂಬುತ್ತ ಕೂತಾಗ, ಹೊರಗೆ ಪವರ್‌ಲೂಮು ಎಷ್ಟೇ ಬಡಿದುಕೊಳ್ಳಲಿ, ತಲೆ ಎತ್ತುವುದಿಲ್ಲ. ಇದು ಹೊಟ್ಟೆಪಾಡಿನ ಕೆಲಸ, ಧ್ಯಾನ ಎಂದು ಕರೆದರೆ ಅವರೇ ನಕ್ಕಾರು. ಆದರೂ ಕರಿ-ಕ್ಯಾಸರ್ ಜೋಡಿ ತಮ್ಮ ಎರಡನೆಯ ಗುಂಪಿಗೆ ಕೊಟ್ಟ ಹಾಳೆ ಈ ಹಾಳೆಯಿಂದ ಬಹಳ ದೂರದ್ದಲ್ಲ.

ಶಾಲೆಯಲ್ಲೂ ಇದಕ್ಕೊಂದು ಜಾಗವಿತ್ತು. ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ಸೀಮೆಯನ್ನು ಆಳುವವರು ಹಲವರು: ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಬನಹಟ್ಟಿ ಜಮಖಂಡಿಗೆ, ಬೀಳಗಿ ನೇರವಾಗಿ ಇಂಗ್ಲಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಆಳುವವರು ಬೇರೆ ಬೇರೆಯಾದರೂ ಪರೀಕ್ಷೆಯ ಮಾತು ಬಂದರೆ ಎಲ್ಲರ ಮುಖ ಮುಂಬೈ ಕಡೆಗೆ. ಮುಂಬೈ ಸರಕಾರದ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿಗೆ, ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್, ದೊಡ್ಡ ಮರ್ಯಾದೆ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದ ಮೇಲೆ ಲೋವರ್, ಹೈಯರ್ ಎಂಬ ಹೆಸರಿನವು ರೂಢಿಯಾದವು. ವಸ್ತುಚಿತ್ರ, ನೆನಪಿನ ಚಿತ್ರ, ಜ್ಯಾಮಿತಿ, ವಿನ್ಯಾಸ. ಕೊಟ್ಟ ಆಕೃತಿಯೊಳಗೆ ನಮೂನೆ ಕೂರಿಸಿ ಗೆರೆ ದಾಟದಂತೆ ಬಣ್ಣ ತುಂಬುವ ವಿನ್ಯಾಸದ ಪತ್ರಿಕೆ ಎಂದರೆ ದಡ್ಡ ಹುಡುಗರಿಗೂ ಪ್ರೀತಿ. ಡ್ರಾಯಿಂಗ್ ಮಾಸ್ತರರು ಬೆತ್ತ ಹಿಡಿದದ್ದು ನೋಡಿದವರು ಕಡಿಮೆ. ‘ಬಣ್ಣ ಗೆರಿ ದಾಟಿದ್ರ ದಾಟ್ಲಿ ಬಿಡೋ, ಒಣಗಿದ ಮ್ಯಾಲೆ ನೋಡೋಣಂತ’ ಎನ್ನುವ ಧಾಟಿ ಅವರದು. ಬೇಸರದ ಸಂಗತಿಯೆಂದರೆ ಅದೂ ಕಡೆಗೆ ಗ್ರೇಡಿನ ಪರೀಕ್ಷೆಯೇ. ಚಿತ್ರಕ್ಕೆ ಅಂಕ ಕೊಡದೆ ಬಿಡುವ ಧೈರ್ಯ ಮಾಡಿದವರು ವಿರಳ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದಾಗ ಆ ಕಡೆಗೆ ಹೆಜ್ಜೆ ಇಟ್ಟಿದ್ದರು. ಕೃಷ್ಣೆಯ ದಂಡೆಗೆ ಆ ಗಾಳಿ ಅಷ್ಟಾಗಿ ಬೀಸಲಿಲ್ಲ.

ಈಗ ಆ ಡ್ರಾಯಿಂಗ್ ಮಾಸ್ತರರೇ ಕಾಣೆಯಾಗುತ್ತಿದ್ದಾರೆ. ಒಬ್ಬರು ನಿವೃತ್ತರಾದರೆ ಅವರ ಜಾಗ ವರ್ಷಗಟ್ಟಲೆ ಹಾಗೇ ಉಳಿದು, ಚಿತ್ರಕಲೆಯ ತಾಸನ್ನು ಗಣಿತದವರು ನುಂಗುತ್ತಾರೆ. ಅದೇ ಹೊತ್ತಿಗೆ ಹೆದರಿಕೆ ಮಾತ್ರ ಮೂರನೆಯ ನಾಲ್ಕನೆಯ ಇಯತ್ತೆಗೆ ಇಳಿದಿದೆ. ನವೋದಯ, ಸೈನಿಕ ಶಾಲೆ, ಮೊರಾರ್ಜಿ, ಆದರ್ಶ ವಿದ್ಯಾಲಯ ಎಂದು ಹೆಸರು ಹಚ್ಚಿಕೊಂಡ ಕೋಚಿಂಗ್ ಕ್ಲಾಸುಗಳಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳು ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ನವೋದಯದ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯಲ್ಲಿ 80 ಪ್ರಶ್ನೆಗಳು. ಅದರಲ್ಲಿ ಅರ್ಧ, ಅಂದರೆ 40, ಮಾನಸಿಕ ಸಾಮರ್ಥ್ಯದ ಆಕೃತಿಗಳೇ: ಗುಂಪಿಗೆ ಸೇರದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ. ಕೋಚಿಂಗಿನ ಮಗುವಿಗೆ ಸಿಗುವ ಚಿತ್ರ ಇಷ್ಟು. ಬಣ್ಣ ತುಂಬುವ ಕೆಲಸವೂ ಇದೆ, ಬಾಲ್‌ಪೆನ್ನಿನಿಂದ ಓಎಂಆರ್ ಹಾಳೆಯ ಗುಂಡುಗಳಿಗೆ.

ಎಸ್ಸೆಸ್ಸೆಲ್ಸಿಯ ಕತೆ ಗೊತ್ತಿದ್ದದ್ದೇ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕ್ಯಾಮೆರಾ ಬಂದು, ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಆ ವರ್ಷ ಮೂರು ಪರೀಕ್ಷೆಗಳ ಅವಕಾಶ ಕೊಟ್ಟದ್ದು ಒಳ್ಳೆಯದೇ. ಆದರೆ ಹೆದರುವ ಮಗು ಅದನ್ನು ಮೂರು ಸಲ ಹೆದರುವ ಅವಕಾಶ ಎಂದೂ ಓದಿಕೊಂಡಿರಬಹುದು.

ಇಂಥಲ್ಲಿ ಬಣ್ಣದ ಪೆನ್ಸಿಲು ಎಷ್ಟು ಕೆಲಸ ಮಾಡೀತು ಎಂಬುದರಲ್ಲಿ ಉತ್ಪ್ರೇಕ್ಷೆ ಬೇಡ. ಮೇಲಿನ ಪ್ರಯೋಗಗಳು ಅಳೆದದ್ದು ಆ ಗಳಿಗೆಯ ಆತಂಕವನ್ನು ಇಲ್ಲವೇ ಒತ್ತಡವನ್ನು, ಕೈಕೆಲಸ ಮುಗಿದ ಕೂಡಲೇ. ಊಟ ಬಿಟ್ಟ, ನಿದ್ದೆ ಬಿಟ್ಟ, ಬದುಕೇ ಬೇಡವೆನ್ನುವ ಮಗುವಿಗೆ ಮಂಡಲವೂ ಸಾಲದು, ಚೌಕಡಿಯೂ ಸಾಲದು. ಅದಕ್ಕೆ ವೈದ್ಯರಿದ್ದಾರೆ, 2022ರಿಂದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಪರೀಕ್ಷೆಯ ಹಿಂದಿನ ಸಂಜೆ ಹೊಟ್ಟೆಯೊಳಗೆ ಕಲೆಸಿದಂತಾಗುವ ಮಗುವಿಗಾದರೆ ಇಪ್ಪತ್ತು ನಿಮಿಷದ ಬಣ್ಣ ಧಾರಾಳ.

ಅದಕ್ಕೆ ದುಡ್ಡು ಕೊಟ್ಟು ಮಂಡಲ ಪುಸ್ತಕ ತರಲೇಬೇಕೆಂದಿಲ್ಲ. ಗೆರೆ ಕೂಡಿಸಿದ ಒಂದು ಚೌಕಡಿಯನ್ನು ಬನಹಟ್ಟಿಯ ಯಾವ ವಿನ್ಯಾಸಗಾರನೂ ಚಹಾ ಆರುವುದರೊಳಗೆ ಹಾಕಿಕೊಟ್ಟಾನು, ಝೆರಾಕ್ಸ್ ಅಂಗಡಿಯಂತೂ ಪ್ರತಿ ಶಾಲೆಯ ಎದುರಿಗಿದೆ. ಆ ಹಾಳೆಗೆ ಅಂಕ ಹಾಕಬೇಡಿ, ಮೊದಲ ಮೂವರಿಗೆ ಬಹುಮಾನವನ್ನೂ ಇಡಬೇಡಿ ಎಂದು ಶಾಲೆಯವರನ್ನು ಒಪ್ಪಿಸುವವರು ಯಾರು ಎಂಬುದಷ್ಟೇ ತಕರಾರು.