ಮೂತ್ರಪಿಂಡ ಸೋತವರಿಗೆ ಹೃದಯದ ಶಸ್ತ್ರಚಿಕಿತ್ಸೆ

ಮೂತ್ರಪಿಂಡಗಳು ಕೆಟ್ಟು ಡಯಾಲಿಸಿಸ್ಸಿನ ಆಶ್ರಯದಲ್ಲಿ ಬದುಕುವವರನ್ನು ಹೆಚ್ಚಾಗಿ ಬಲಿತೆಗೆದುಕೊಳ್ಳುವುದು ಹೃದ್ರೋಗವೆಂದರೆ ನಮ್ಮಲ್ಲಿ ಹಲವರಿಗೆ ಆಶ್ಚರ್ಯವಾದೀತು. ಇಂಥವರ ರಕ್ತದಲ್ಲಿ ರಂಜಕವು ಏರಿ, ಧಮನಿಗಳ ಗೋಡೆಯಲ್ಲಿ ಸುಣ್ಣವು ಸೇರಿ, ಅವು ಗಡಸಾಗುತ್ತವೆ. ಸಿಹಿಮೂತ್ರ, ರಕ್ತದೊತ್ತಡಗಳೂ ಅನೇಕರಲ್ಲಿ ಮೊದಲೇ ಉಂಟು. ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಗಳೇ ಕಟ್ಟಿಕೊಂಡಾಗ 'ಬೈಪಾಸ್' ಮಾಡಿಸುವುದೋ ಬಿಡುವುದೋ ಎಂಬ ಪ್ರಶ್ನೆ ಮನೆಯವರ ಮುಂದೆ ಬಂದು ನಿಲ್ಲುತ್ತದೆ.

ಕಾಲಿನ ಅಭಿಧಮನಿಯನ್ನೋ ಎದೆಯೊಳಗಿನ ಧಮನಿಯನ್ನೋ ಅಡಚಣೆಯ ಆಚೆಗೆ ಹೊಲಿದು ರಕ್ತಕ್ಕೆ ಬಳಸುದಾರಿ ಮಾಡಿಕೊಡುವುದೇ ಬೈಪಾಸ್. 1967ರಿಂದ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಇದನ್ನು ರೂಢಿಗೆ ತಂದವರಲ್ಲಿ ಅರ್ಜೆಂಟೀನಾದ ರೆನೆ ಫವಲೋರೊ ಪ್ರಮುಖರು.

ಹೊಲಿಗೆ ಹಾಕುವಷ್ಟು ಹೊತ್ತು ಹೃದಯವು ಅಲುಗದಿರಲೆಂದು, ರಕ್ತಸಂಚಾರವನ್ನು ಯಂತ್ರಕ್ಕೆ ಒಪ್ಪಿಸಿ, ಪೊಟಾಷಿಯಂ ಬೆರೆತ ದ್ರವದಿಂದ ಅದನ್ನು ನಿಲ್ಲಿಸುತ್ತಾರೆ. ತೊಡಕಿರುವುದು ಇಲ್ಲಿಯೇ. ದೇಹದಿಂದ ಪೊಟಾಷಿಯಮ್ಮನ್ನು ಹೊರಹಾಕತಕ್ಕವು ಮೂತ್ರಪಿಂಡಗಳು. ಅವು ಸೋತಿದ್ದರೆ ಅದು ರಕ್ತದಲ್ಲಿಯೇ ಉಳಿದು, ಮತ್ತೆ ಮಿಡಿಯಬೇಕಾದ ಹೃದಯವನ್ನು ತಡವರಿಸುವಂತೆ ಮಾಡಬಲ್ಲುದು. ಆದುದರಿಂದ ಸಾಮಾನ್ಯವಾಗಿ ಹಿಂದಿನ ದಿನವೇ ಡಯಾಲಿಸಿಸ್ ಮಾಡಿಸುತ್ತಾರೆ. ರಕ್ತವು ಯಂತ್ರದಲ್ಲಿ ಹರಿಯುವಾಗಲೇ ಹೆಚ್ಚಿನ ನೀರನ್ನು ಸೋಸಿ ತೆಗೆಯುವುದೂ ಉಂಟು. ಮಿಡಿಯುತ್ತಿರುವ ಹೃದಯದ ಮೇಲೆಯೇ ಹೊಲಿಯುವ ವಿಧಾನವನ್ನು ಕೆಲವು ಶಸ್ತ್ರವೈದ್ಯರು ಆರಿಸಿಕೊಳ್ಳುತ್ತಾರೆ. ಇಷ್ಟಾದರೂ ರಕ್ತಸ್ರಾವ, ಗಾಯದ ಸೋಂಕು, ಸಾವು ಇವುಗಳ ಭಯವು ಇಂಥವರಲ್ಲಿ ಉಳಿದವರಿಗಿಂತ ಬಹಳ ಹೆಚ್ಚು.

ಹಾಗಾದರೆ ಲಾಭವೇನು? 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮೂತ್ರಪಿಂಡಗಳು ತೀರ ಕೆಟ್ಟಿದ್ದರೂ ಹೃದಯದ ಬೇನೆ ಸ್ಥಿರವಾಗಿದ್ದ 777 ಮಂದಿಯನ್ನು ಎರಡು ಪಂಗಡವಾಗಿ ವಿಭಾಗಿಸಿದ್ದರು. ಒಂದು ಪಂಗಡಕ್ಕೆ ಔಷಧಗಳ ಜೊತೆಗೆ ಧಮನಿಗಳನ್ನು ಪರೀಕ್ಷಿಸಿ ಸಾಧ್ಯವಾದಲ್ಲಿ ಸ್ಟೆಂಟ್ ಅಥವಾ ಬೈಪಾಸ್. ಇನ್ನೊಂದಕ್ಕೆ ಮೊದಲು ಔಷಧ ಮಾತ್ರ. ಸಾವಿನಲ್ಲಿಯಾಗಲಿ ಹೃದಯಾಘಾತದಲ್ಲಿಯಾಗಲಿ ಮೊದಲ ಪಂಗಡಕ್ಕೆ ಮೇಲುಗೈ ಕಾಣಲಿಲ್ಲ. ಹಾಗೆಂದು ಬೈಪಾಸ್ ವ್ಯರ್ಥವೆಂದು ನಾವು ಹೇಳುವುದಿಲ್ಲ. ಔಷಧಕ್ಕೆ ಬಗ್ಗದ ಎದೆನೋವಿನವರ, ಆಗತಾನೆ ಹೃದಯಾಘಾತವಾದವರ ಲೆಕ್ಕವೇ ಬೇರೆ. ಆದರೆ ನೋವು ಹತೋಟಿಯಲ್ಲಿರುವ ರೋಗಿಯ ಮನೆಯವರು ಹೆದರಿ ಆ ಕ್ಷಣವೇ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಬೇಕಾಗಿಲ್ಲ. ಔಷಧದಿಂದಲೇ ನಡೆದೀತೇ ಎಂದು ಕೇಳುವುದು ಅವಿನಯವಲ್ಲ.

ನಮ್ಮ ಕಾಸರಗೋಡಿನ ಕಡೆಯವರು ಹೃದಯದ ಚಿಕಿತ್ಸೆಗೆ ಮಂಗಳೂರಿಗೆ ಹೋಗುವುದುಂಟಷ್ಟೆ. ಡಯಾಲಿಸಿಸ್ ಊರಿನಲ್ಲಿ, ಹೃದಯದ ವೈದ್ಯರು ಅಲ್ಲಿ ಎಂದಾಗ ಡಯಾಲಿಸಿಸ್ಸಿನ ಕಾಗದಗಳನ್ನೆಲ್ಲ ಕೊಂಡೊಯ್ಯತಕ್ಕದ್ದು. ಡಯಾಲಿಸಿಸ್ಸಿಗೆಂದು ರಕ್ತನಾಳ ಜೋಡಿಸಿದ ತೋಳು ಯಾವುದೆಂಬುದನ್ನೂ ಮೊದಲೇ ತಿಳಿಸಬೇಕು. ಆ ತೋಳಿನಲ್ಲಿ ರಕ್ತದೊತ್ತಡ ಅಳೆಯಬಾರದು, ರಕ್ತ ತೆಗೆಯಬಾರದು, ಬೈಪಾಸಿಗೆಂದು ಅದರ ಧಮನಿಯನ್ನೂ ಮುಟ್ಟಬಾರದು.