ಗಾಲಿಯೊಳಗಿನ ಗಾಳಿ

ಕಳವಾದಲ್ಲಿ ವಾಸಿಸುವ ನಮಗೆ ಲಾರಿಯ ಗಾಲಿ ಅಪರೂಪದ ವಸ್ತುವೇನೂ ಅಲ್ಲ. ಠಾಣೆ-ಬೇಲಾಪುರ ರಸ್ತೆಯಲ್ಲಿ ಹಗಲಿರುಳೂ ಲಾರಿಗಳು ಓಡುತ್ತಿರುತ್ತವೆ. ನಿಮ್ಮಲ್ಲಿ ಕೆಲವರ ತಂದೆಯೋ ಅಣ್ಣನೋ ವಾಹನ ನಡೆಸಿಯೇ ಸಂಸಾರವನ್ನು ಸಾಗಿಸುತ್ತಿರಬಹುದು. ಆ ವಾಹನದ ಭಾರವನ್ನು ಹೊರುವುದು ಯಾವುದೆಂದು ಕೇಳಿದರೆ, ಟೈರು ಎಂದು ನಾವೆಲ್ಲರೂ ಹೇಳಿಬಿಡುತ್ತೇವೆ. ಈ ಉತ್ತರವು ಪೂರ್ಣವಲ್ಲ. ಭಾರದ ಬಹುಪಾಲನ್ನು ಹೊರುವುದು ರಬ್ಬರಲ್ಲ, ಅದರೊಳಗೆ ಒತ್ತಿ ತುಂಬಿದ ಗಾಳಿ. ರಬ್ಬರು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಇದನ್ನು ತಿಳಿದರೆ, ಡಾಂಬರು ರಸ್ತೆಯನ್ನು ಬಿಟ್ಟಿಳಿದ ವಾಹನದ ಟೈರು ಏಕೆ ಕೆಡುವುದೆಂಬುದೂ ತಿಳಿಯುತ್ತದೆ.

ಗಾಳಿ ತುಂಬಿದ ಗಾಲಿಗೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವನು 1845ರಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಅದು ಬಳಕೆಗೆ ಬಂದದ್ದು, ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು 1888ರಲ್ಲಿ ಹೊಸದಾಗಿ ಹಕ್ಕುಪತ್ರ ಪಡೆದ ಮೇಲೆ. ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅವನು ಇದನ್ನು ಮೊದಲು ಮಾಡಿದನು.

ಈಗ ಸ್ವಲ್ಪ ಲೆಕ್ಕ ಮಾಡೋಣ. 1600 ಕಿಲೋ ತೂಕದ ಒಂದು ಜೀಪು ನಾಲ್ಕು ಗಾಲಿಗಳ ಮೇಲೆ ಸಮವಾಗಿ ನಿಂತಿದೆ ಎನ್ನಿ. ಒಂದೊಂದು ಗಾಲಿಗೆ 400 ಕಿಲೋ ಭಾರ ಬಿತ್ತು. ಟೈರಿನ ಗಾಳಿ ಚದರ ಸೆಂಟಿಮೀಟರಿಗೆ 2 ಕಿಲೋದಂತೆ ಒತ್ತುತ್ತಿದ್ದರೆ, ಅಷ್ಟು ಭಾರವನ್ನು ಹೊರಲು ಸುಮಾರು 200 ಚದರ ಸೆಂಟಿಮೀಟರು, ಎಂದರೆ ದೊಡ್ಡವರ ಹಸ್ತದಷ್ಟು ಜಾಗ ನೆಲಕ್ಕೆ ತಾಗಬೇಕು. ಗಾಳಿಯ ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ತಾಗುವ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಭಾರವು ಅಗಲವಾಗಿ ಹರಡಿದಾಗ ಗಾಲಿ ಉಸುಕಿನಲ್ಲಿ ಹೂತುಹೋಗುವುದು ಕಡಿಮೆಯಾಗುತ್ತದೆ. 1930ರ ಸುಮಾರಿಗೆ ಲಿಬಿಯಾದ ಮರಳುಗಾಡಿನಲ್ಲಿ ಫೋರ್ಡ್ ಕಾರುಗಳನ್ನು ನಡೆಸಿದ ರಾಲ್ಫ್ ಬ್ಯಾಗ್ನಲ್ಡ್ ಎಂಬ ಆಂಗ್ಲ ಸೈನ್ಯಾಧಿಕಾರಿಯು ಟೈರಿನ ಗಾಳಿಯನ್ನು ಇಳಿಸಿಯೇ ಮರಳನ್ನು ದಾಟುತ್ತಿದ್ದನು. ನಮ್ಮ ಕರಾವಳಿಯ ಉಸುಕಿಗೂ ಇದೇ ನಿಯಮ.

ಆದರೆ ಎಲ್ಲ ನೆಲವೂ ಉಸುಕಲ್ಲ. ನಮ್ಮ ಊರಿನ ಮಗ್ಗುಲಲ್ಲಿಯೇ ಇರುವ ಪಾರಸಿಕ ಗುಡ್ಡವನ್ನು ನೋಡಿರಿ. ಅದು ಕಪ್ಪು ಬಸಾಲ್ಟ್ ಶಿಲೆಯದು. ಒಡೆದಾಗ ಇದರ ಚೂರುಗಳಿಗೆ ಚೂಪಾದ ಅಂಚುಗಳು ಬರುತ್ತವೆ. ಇಂಥ ನೆಲದಲ್ಲಿ ಗಾಳಿಯನ್ನು ತೀರ ಇಳಿಸಿದರೆ ಟೈರಿನ ಪಕ್ಕಗಳು ಹೊರಕ್ಕೆ ಉಬ್ಬಿ ಕಲ್ಲಿಗೆ ಸಿಕ್ಕುತ್ತವೆ. ನೆಲವನ್ನು ತುಳಿಯುವ ಭಾಗವು ದಪ್ಪವಾಗಿರುತ್ತದೆ, ಪಕ್ಕಗಳು ತೆಳುವು. ಅಲ್ಲಿ ಸೀಳು ಬಿದ್ದರೆ ಪಂಕ್ಚರ್ ತಿದ್ದುವವನೂ ಕೈಚೆಲ್ಲುತ್ತಾನೆ. ಇನ್ನೊಂದು ಕೇಡೂ ಉಂಟು. ಗಾಲಿಯು ಕಲ್ಲಿಗೆ ಬಡಿದಾಗ ಟ್ಯೂಬು ಕಲ್ಲಿಗೂ ಗಾಲಿಯ ಕಬ್ಬಿಣದ ಅಂಚಿಗೂ ನಡುವೆ ಸಿಕ್ಕಿ, ಹಾವಿನ ಹಲ್ಲು ನಾಟಿದಂತೆ ಎರಡು ತೂತುಗಳು ಬೀಳುತ್ತವೆ. ಹಾಗೆಂದು ಗಾಳಿಯನ್ನು ಬಿಗಿಯಾಗಿ ತುಂಬಿದರೂ ತಪ್ಪೇ. ಬಿಗಿದ ಟೈರು ಕಲ್ಲಿನ ಮೇಲೆ ಬಾಗಲಾರದು. ಪೆಟ್ಟು ನೇರವಾಗಿ ಒಳಗಿನ ನೂಲುಗಳಿಗೆ ತಗಲಿ ಅವು ಹರಿಯುತ್ತವೆ, ಕೆಲ ಕಾಲದ ಮೇಲೆ ಅಲ್ಲಿ ಗಂಟಿನಂತೆ ಉಬ್ಬು ಏಳುತ್ತದೆ. ಲಾರಿಯ ಜೋಡಿ ಗಾಲಿಗಳ ಸಂದಿನಲ್ಲಿ ಸಿಕ್ಕಿಕೊಂಡ ಕಲ್ಲು ಎರಡು ಟೈರುಗಳನ್ನೂ ಕೊರೆಯುತ್ತದೆ, ವೇಗದಲ್ಲಿ ಸಿಡಿದು ಹಿಂದೆ ಬರುವವರಿಗೂ ತಗಲಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ಮರಳಿ ಡಾಂಬರು ರಸ್ತೆಗೆ ಬಂದಾಗ. ಇಳಿಸಿದ ಗಾಳಿಯನ್ನು ಮತ್ತೆ ತುಂಬದೆ ಓಡಿಸುವವರುಂಟು. 2 ಮೀಟರು ಸುತ್ತಳತೆಯ ಗಾಲಿಯು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ನಿಮಿಷಕ್ಕೆ 500 ಸುತ್ತು ತಿರುಗುತ್ತದೆ. ಅಂದರೆ ಟೈರಿನ ಪ್ರತಿಯೊಂದು ಭಾಗವೂ ನಿಮಿಷಕ್ಕೆ 500 ಸಲ ಬಾಗಿ ನೇರವಾಗುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಾಗಿಸಿ ನೋಡಿರಿ, ಅದು ಬಿಸಿಯಾಗಿ ಕೊನೆಗೆ ಮುರಿಯುತ್ತದೆ. ಗಾಳಿ ಕಡಿಮೆಯಾದಷ್ಟೂ ಬಾಗುವುದು ಹೆಚ್ಚು, ಬಾಗಿದಷ್ಟೂ ಬಿಸಿ ಹೆಚ್ಚು. ಪದರಗಳು ಬಿಚ್ಚಿ ಟೈರು ಸಿಡಿದರೆ ವಾಹನವು ಚಾಲಕನ ಕೈ ಮೀರುತ್ತದೆ. ಕಲ್ಲಿನಿಂದ ಟೈರು ಹಾಳಾದರೆ ಹಣ ಹೋದೀತು. ಇಲ್ಲಿ ಪ್ರಾಣವೇ ಹೋಗಬಹುದು. ತುಂಬು ಹೇರಿನ ಲಾರಿಗಂತೂ ಈ ಮಾತು ಇಮ್ಮಡಿ ಸತ್ಯ.

ಆದುದರಿಂದ ನೆಲಕ್ಕೆ ತಕ್ಕಂತೆ ಗಾಳಿ ಇರಬೇಕು, ನೆಲ ಬದಲಾದಾಗ ಗಾಳಿಯೂ ಬದಲಾಗಬೇಕು. ಗಾಳಿ ಇಳಿಸಿದಾಗ ನಿಧಾನವಾಗಿ ನಡೆಸಬೇಕು. ಥಟ್ಟನೆ ತಿರುಗಿಸಿದರೆ ಟೈರು ಗಾಲಿಯ ಅಂಚಿನಿಂದ ಕಳಚಿಕೊಂಡೀತು. ಒತ್ತಡವನ್ನು ಅಳೆಯಬೇಕಾದುದು ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಅಳತೆ ಹೆಚ್ಚು ತೋರಿತೆಂದು ಗಾಳಿಯನ್ನು ಬಿಡಬಾರದು. ತಣಿದ ಮೇಲೆ ಅದು ಕಡಿಮೆಯಾಗಿಬಿಡುತ್ತದೆ.

ಇದನ್ನು ನಂಬಲು ಜೀಪು ಬೇಕಾಗಿಲ್ಲ. ನಿಮ್ಮ ಸೈಕಲ್ಲಿನ ಹಿಂದಿನ ಗಾಲಿಯನ್ನು ಒದ್ದೆ ಮಾಡಿ, ಗೆಳೆಯನನ್ನು ಕೂರಿಸಿ, ಕಾಗದದ ಮೇಲೆ ಅದರ ಗುರುತನ್ನು ತೆಗೆಯಿರಿ. ಸ್ವಲ್ಪ ಗಾಳಿ ಬಿಟ್ಟು ಇನ್ನೊಂದು ಗುರುತನ್ನು ತೆಗೆದು ಎರಡನ್ನೂ ಅಳೆಯಿರಿ. ಆ ಎರಡು ಕಾಗದಗಳನ್ನು ಮನೆಗೆ ಒಯ್ದು, ವಾಹನ ನಡೆಸುವ ಹಿರಿಯರಿಗೆ ತೋರಿಸಿರಿ. ಪುಸ್ತಕದಲ್ಲಿ ಕಲಿತ ವಿದ್ಯೆಯು ಮನೆಯವರನ್ನು ಕಾಪಾಡುವಂತಾದರೆ ಅದಕ್ಕಿಂತ ಸಾರ್ಥಕವಾದುದು ಬೇರೇನುಂಟು?