ಎಲುಬಿನೊಳಗಿನ ಸಕ್ಕರೆಯ ಸರಪಳಿ

ಕೋಲಾರ ಜಿಲ್ಲೆಯ ನೆಲದಡಿಯಲ್ಲಿ ಹಬ್ಬಿರುವ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ತಂಗಿದ್ದ ನೀರು, ಆ ಶಿಲೆಗಳ ಫ್ಲೋರೈಟ್, ಅಪಟೈಟ್ ಮೊದಲಾದ ಖನಿಜಗಳಿಂದ ಫ್ಲೋರೈಡನ್ನು ತನ್ನಲ್ಲಿ ಕರಗಿಸಿಕೊಂಡು, ಕೆರೆಗಳು ಬತ್ತಿ ಬೋರ್‌ವೆಲ್‌ಗಳು ಸಾವಿರ ಅಡಿಯನ್ನೂ ಮೀರಿ ಇಳಿದ ಮೇಲೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯ ಎಷ್ಟೋ ಮನೆಗಳ ಬಿಂದಿಗೆಗಳನ್ನು ಸೇರಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಅದು ಮೀರಿದ ಊರುಗಳಲ್ಲಿ ಮಕ್ಕಳ ಹಲ್ಲು ಕಂದುಗಟ್ಟುವುದನ್ನೂ, ವಯಸ್ಸಾದವರ ಬೆನ್ನು ಬಾಗಿ ಮಂಡಿ ಬಿಗಿಯುವುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಫ್ಲೋರೋಸಿಸ್ ಎಂಬ ಈ ರೋಗ ಎಲುಬಿನ ಸುಣ್ಣಾಂಶಕ್ಕೆ ತಗುಲಿದ ವ್ಯಾಧಿಯೆಂದು ಸಾಮಾನ್ಯವಾಗಿ ಹೇಳುವುದುಂಟು. ಆ ಮಾತು ಸುಳ್ಳಲ್ಲ, ಆದರೆ ಅಪೂರ್ಣ.

ಎಲುಬೆಂಬುದು ಕೇವಲ ಖನಿಜದ ರಾಶಿಯಲ್ಲ. ಖನಿಜ ಬಂದು ಕೂಡುವುದಕ್ಕೆ ಮೊದಲೇ ಅಲ್ಲಿ ಕೊಲ್ಲಾಜನ್ ಎಂಬ ಪ್ರೋಟೀನಿನ ಎಳೆಗಳ ಹಂದರವೊಂದು ಸಿದ್ಧವಾಗಿರುತ್ತದೆ. ಆ ಹಂದರದ ನಡುವೆ, ಎರಡೆರಡು ಸಕ್ಕರೆಗಳು ಜೋಡಿಜೋಡಿಯಾಗಿ ಹೆಣೆದು ಬೆಳೆದ ನೀಳವಾದ ಸರಪಳಿಗಳು ಅಲ್ಲಲ್ಲಿ ಸಲ್ಫೇಟಿನ ಗುಂಪುಗಳನ್ನು ಧರಿಸಿ, ಋಣವಿದ್ಯುದಂಶದಿಂದ ತುಂಬಿ, ನೀರನ್ನೂ ಕ್ಯಾಲ್ಸಿಯಮನ್ನೂ ತಮ್ಮತ್ತ ಸೆಳೆದುಕೊಂಡು ನಿಂತಿರುತ್ತವೆ. ಇವಕ್ಕೆ ಗ್ಲೈಕೊಸಮಿನೊಗ್ಲೈಕನ್‌ಗಳೆಂದು ಹೆಸರು. ಮೃದ್ವಸ್ಥಿಯ ಕಾಂಡ್ರಾಯಿಟಿನ್ ಸಲ್ಫೇಟ್, ಚರ್ಮ ಮತ್ತು ಸ್ನಾಯುರಜ್ಜುಗಳ ಡರ್ಮಟನ್ ಸಲ್ಫೇಟ್, ಜೀವಕೋಶಗಳ ಮೈಮೇಲಿನ ಹೆಪರಾನ್ ಸಲ್ಫೇಟ್ ಇವೆಲ್ಲ ಆ ವಂಶದವೇ. ಪ್ರೋಟೀನನ್ನು ಕಟ್ಟುವಾಗ ಜೀವಕೋಶವು ಅನುಸರಿಸುವ ಅಚ್ಚುಪ್ರತಿ ಈ ಸರಪಳಿಗಳಿಗಿಲ್ಲ. ಸಲ್ಫೇಟನ್ನು ಎಲ್ಲಿ ಇಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕಿಣ್ವಗಳೇ ಒಂದರ ಹಿಂದೊಂದು ಬಂದು ನಿರ್ಣಯಿಸುತ್ತವೆ. ಆದಕಾರಣ ಒಂದೇ ಅಂಗಾಂಶದ ಎರಡು ಸರಪಳಿಗಳು ಕೂಡ ಒಂದೇ ತೆರನಾಗಿರುವುದಿಲ್ಲ. ಇವನ್ನು ಓದುವ ವಿದ್ಯೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಆ ಓದಿನ ಕ್ರಮವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಅಂಗಾಂಶದ ಕೊಬ್ಬನ್ನು ಮೊದಲು ತೊಳೆದು ತೆಗೆದು, ಪರಂಗಿಕಾಯಿಯ ಹಾಲಿನಿಂದ ದೊರೆಯುವ ಪಪೈನ್ ಎಂಬ ಕಿಣ್ವದೊಡನೆ ಬೆಚ್ಚಗಿಟ್ಟರೆ ಪ್ರೋಟೀನು ಜೀರ್ಣವಾಗಿ ಸಕ್ಕರೆಯ ಸರಪಳಿಗಳು ಬಿಡುಗಡೆ ಹೊಂದುತ್ತವೆ. ಮದ್ಯಸಾರದಲ್ಲಿ ಅವನ್ನು ಒತ್ತರಿಸಿ, ಅಯಾನು ವಿನಿಮಯದ ಕಂಬದ ಮೂಲಕ ಹರಿಸಿ, ಉಪ್ಪಿನ ಸಾಂದ್ರತೆಯನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದಂತೆ, ಸಲ್ಫೇಟು ಕಡಿಮೆಯಿರುವುದು ಮೊದಲೂ ಹೆಚ್ಚಿರುವುದು ಕಡೆಗೂ ಇಳಿಯುತ್ತವೆ. ಇಷ್ಟರಿಂದ ವಿಂಗಡಣೆಯಾಯಿತೇ ಹೊರತು ಗುರುತು ಸಿಕ್ಕಲಿಲ್ಲ. ಕಾಂಡ್ರಾಯಿಟಿನ್ ಮತ್ತು ಡರ್ಮಟನ್‌ಗಳ ನಡುವೆ ಇರತಕ್ಕ ಮುಖ್ಯ ಭೇದವೆಂದರೆ, ಮೊದಲನೆಯದರ ಗ್ಲೂಕ್ಯುರಾನಿಕ್ ಆಮ್ಲದ ಐದನೆಯ ಇಂಗಾಲದಲ್ಲಿ ಒಂದು ಗುಂಪು ತನ್ನ ದಿಕ್ಕನ್ನು ಬದಲಿಸಿದರೆ ಅದೇ ಎರಡನೆಯದರ ಇಡ್ಯುರಾನಿಕ್ ಆಮ್ಲವಾಗುತ್ತದೆ ಎಂಬುದಷ್ಟೆ. ತೂಕ ಒಂದೇ, ಪರಮಾಣುಗಳ ಲೆಕ್ಕ ಒಂದೇ. ತಕ್ಕಡಿಗೆ ನಿಲುಕದ ಈ ಭೇದವನ್ನು ಸೂಕ್ಷ್ಮಜೀವಿಗಳ ಕಿಣ್ವಗಳು ಬಲ್ಲವು. ಜಪಾನಿನ ಸುಜುಕಿ ಮತ್ತು ಅವರ ಸಂಗಡಿಗರು 1968ರಲ್ಲಿ ಶುದ್ಧೀಕರಿಸಿ ವಿವರಿಸಿದ ಕಾಂಡ್ರಾಯಿಟಿನೇಸ್‌ಗಳಲ್ಲಿ ಎ.ಸಿ. ಎಂಬುದು ಗ್ಲೂಕ್ಯುರಾನಿಕ್ ಆಮ್ಲವಿರುವೆಡೆಯಲ್ಲಿ ಮಾತ್ರ ಕತ್ತರಿಸುತ್ತದೆ, ಎ.ಬಿ.ಸಿ. ಎಂಬುದು ಎರಡನ್ನೂ ಕತ್ತರಿಸುತ್ತದೆ. ಕತ್ತರಿಸಿದೆಡೆಯಲ್ಲಿ ಉಂಟಾಗುವ ದ್ವಿಬಂಧವು 232 ನ್ಯಾನೊಮೀಟರಿನ ನೇರಳಾತೀತ ಬೆಳಕನ್ನು ಹೀರುವುದರಿಂದ, ಎಷ್ಟು ತುಂಡಾಯಿತೆಂಬುದನ್ನು ಅಳೆಯಬಹುದು. ಎ.ಸಿ.ಗೆ ಒಗ್ಗದೆ ಎ.ಬಿ.ಸಿ.ಗೆ ಒಗ್ಗಿದ ಪಾಲೇ ಡರ್ಮಟನ್. ಇಷ್ಟು ನಿರಾಡಂಬರವೂ ಇಷ್ಟು ಖಚಿತವೂ ಆದ ತರ್ಕವನ್ನು ನಾನು ರಸಾಯನಶಾಸ್ತ್ರದಲ್ಲಿ ಬೇರೆಡೆ ಹೆಚ್ಚಾಗಿ ಕಂಡಿಲ್ಲ.

ನಮ್ಮ ಸೀಮೆಗೂ ಈ ವಿದ್ಯೆಗೂ ಸಂಬಂಧ ಕೂಡಿಬರುವುದು ಈ ಡರ್ಮಟನ್ನಿನಿಂದಲೇ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಸುಶೀಲಾ ಅವರೂ ಅವರ ಸಂಗಡಿಗರೂ 1980ರ ದಶಕದಲ್ಲಿ, ಫ್ಲೋರೈಡ್ ಉಣಿಸಿದ ಮೊಲಗಳ ಸೊಂಟದ ಎಲುಬಿನಿಂದ ಸರಪಳಿಗಳನ್ನು ಬಿಡಿಸಿ ಪರೀಕ್ಷಿಸಿದಾಗ, ಆರೋಗ್ಯವುಳ್ಳ ಗಟ್ಟಿ ಎಲುಬಿನಲ್ಲಿ ಕಾಣಸಿಗದ ಡರ್ಮಟನ್ ಸಲ್ಫೇಟ್ ಅಲ್ಲಿ ಕಂಡುಬಂದಿತು. ಫ್ಲೋರೋಸಿಸ್ ತಗುಲಿದ ಮನುಷ್ಯರ ಹಲ್ಲಿನಲ್ಲಿಯೂ ಸರಪಳಿಗಳ ಸ್ವರೂಪ ಪಲ್ಲಟಗೊಂಡಿದ್ದಿತು. ಮಾಲೂರಿನ ಮುದುಕರ ಬಿಗಿದ ಮಂಡಿಯನ್ನು ಸುಣ್ಣದ ಲೆಕ್ಕದಿಂದ ಮಾತ್ರ ವಿವರಿಸಲಾಗದೆಂದು ನಾನು ಹೇಳುವುದಕ್ಕೆ ಇದೇ ಆಧಾರ: ವಿಷವು ಖನಿಜವನ್ನಷ್ಟೇ ಅಲ್ಲ, ಖನಿಜವನ್ನು ಬರಮಾಡಿಕೊಳ್ಳುವ ಹಂದರವನ್ನೂ ಕೆಡಿಸುತ್ತದೆ.

ಸರಪಳಿಯನ್ನು ಸರಿಯಾಗಿ ಓದದೆ ಹೋದರೆ ಏನಾಗುತ್ತದೆಂಬುದನ್ನು ಜಗತ್ತು 2008ರಲ್ಲಿ ಕಂಡಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ, ಹಂದಿಯ ಕರುಳಿನಿಂದ ತೆಗೆಯುವ, ಇದೇ ವಂಶದ ಹೆಪರಿನ್ ಔಷಧದಲ್ಲಿ, ಅತಿಯಾಗಿ ಸಲ್ಫೇಟು ಹೊರಿಸಿದ ಕಾಂಡ್ರಾಯಿಟಿನ್ ಬೆರೆತಿದ್ದು, ಹೆಪ್ಪುಗಟ್ಟುವಿಕೆಯ ವಾಡಿಕೆಯ ಪರೀಕ್ಷೆಯನ್ನು ಅದು ದಾಟಿ, ರೋಗಿಗಳ ಪ್ರಾಣಕ್ಕೇ ಸಂಚಕಾರ ತಂದಿತು. ಅದರ ರಚನೆಯನ್ನು ಕಾಂತೀಯ ಅನುರಣನ ವಿಧಾನದಿಂದ ಬಯಲುಮಾಡಿದವರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕೆಗೆ ಹೋದ ರಾಮ್ ಶಶಿಶೇಖರನ್ ಪ್ರಮುಖರು. ಈ ಓದು ನಮ್ಮ ನೆಲದಲ್ಲಿಯೂ ನಡೆದಿದೆ: ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಪಿ. ವಿ. ಸಾಲಿಮಠ ಅವರ ಬಳಗವು ಮಧುಮೇಹಪೀಡಿತ ಇಲಿಗಳ ಮೂತ್ರಪಿಂಡದ ಹೆಪರಾನ್ ಸಲ್ಫೇಟನ್ನು ಬಿಡಿಸಿ, ಹಾಗಲಕಾಯಿ ತಿನ್ನಿಸಿದರೆ ಅದರಲ್ಲಾಗುವ ವ್ಯತ್ಯಾಸವನ್ನು ಅಳೆದಿದೆ.

ಇಷ್ಟೆಲ್ಲ ನಮ್ಮ ನಾಡಿನವರಿಗೆ ಸಾಧ್ಯವಾಗಿರುವಾಗ ಕೋಲಾರದಲ್ಲಿ ಏಕಾಗಬಾರದು? 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಇಲ್ಲಿಯ ಕೆರೆಗಳಿಗೆ ಹರಿಯುತ್ತಿದೆ. ಆದರೆ ಎಷ್ಟೋ ವರ್ಷ ಫ್ಲೋರೈಡಿನ ನೀರನ್ನು ಕುಡಿದ ದೇಹಗಳು ಇಲ್ಲಿಯೇ ಇವೆ. ರಕ್ತದ ಸೀರಮ್ಮಿನಲ್ಲಿ ಸಯಾಲಿಕ್ ಆಮ್ಲವೆಂಬ ಮತ್ತೊಂದು ಸಕ್ಕರೆಗೂ ಗ್ಲೈಕೊಸಮಿನೊಗ್ಲೈಕನ್ನಿಗೂ ಇರುವ ಪ್ರಮಾಣವು ಫ್ಲೋರೋಸಿಸ್ಸಿನಲ್ಲಿ ಕುಗ್ಗುತ್ತದೆಂದು ಸುಶೀಲಾ ಅವರ ಬಳಗವೇ ತೋರಿಸಿಕೊಟ್ಟಿದೆ. ಈ ಸರಪಳಿಗಳ ಗ್ಲೂಕ್ಯುರಾನಿಕ್ ಬಗೆಯ ಆಮ್ಲವನ್ನು ಗಂಧಕಾಮ್ಲದೊಡನೆ ಕಾಯಿಸಿ ಕಾರ್ಬಜೋಲ್ ಬೆರೆಸಿದರೆ ಮೂಡುವ ನಸುಗೆಂಪಿನಿಂದ ಅದರ ಪ್ರಮಾಣವನ್ನು ಅಳೆಯುವ ವಿಧಾನ ಡಿಶೆ ಎಂಬವರಿಂದ 1947ರಲ್ಲಿಯೇ ಪ್ರಕಟವಾದದ್ದು. ಬಣ್ಣ ಅಳೆಯುವ ಒಂದು ಸಾಧಾರಣ ಯಂತ್ರವಿದ್ದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ನಡೆಯತಕ್ಕದ್ದು. ವಾತವೆಂದು ಹೇಳಿಸಿಕೊಂಡು ಎಣ್ಣೆ ತಿಕ್ಕಿಸಿಕೊಳ್ಳುತ್ತ ಕುಳಿತಿರುವ ನಮ್ಮ ಹಳ್ಳಿಗಳ ಹಿರಿಯರಿಂದ, ಅದರಲ್ಲಿಯೂ ಬೋರ್‌ವೆಲ್‌ನ ನೀರನ್ನೇ ನಂಬಿ ಬಾಳಿದ ಒಕ್ಕಲು ಹೆಣ್ಣುಮಕ್ಕಳಿಂದ, ಈ ಪರೀಕ್ಷೆಯನ್ನು ಆರಂಭಿಸಬೇಕು.